ಧರ್ಮಸ್ಥಳಕ್ಕೆ ಹೋದಾಗ ಮರೆತ ಗುಳಿಗೆ

ಪ್ರಶ್ನೆ: ನಮ್ಮ ಅತ್ತೆಗೆ 64 ವರ್ಷ. ನಾಲ್ಕು ವರ್ಷದ ಹಿಂದೆ ಮಾವ ತೀರಿಕೊಂಡಾಗ ನಿದ್ದೆ ಬರುತ್ತಿಲ್ಲ ಅಂತ ಡಾಕ್ಟರು ಆಲ್ಪ್ರಜೋಲಾಂ 0.25 ಗುಳಿಗೆ ಬರೆದುಕೊಟ್ಟರು, ಹದಿನೈದು ದಿನಕ್ಕೆ. ಈಗ 0.5ರದ್ದು ದಿನಕ್ಕೆ ಮೂರು ನುಂಗುತ್ತಾರೆ. ಚೀಟಿ ಮಾತ್ರ ಅದೇ ಹಳೇದು. ಮಡಚಿದಲ್ಲೆಲ್ಲ ಹರಿದಿದೆ, ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಹೋದ ತಿಂಗಳು ಧರ್ಮಸ್ಥಳಕ್ಕೆ ಹೋದಾಗ ಗುಳಿಗೆ ಮನೆಯಲ್ಲೇ ಮರೆತರು. ಎರಡನೇ ದಿನ ಮೈಯೆಲ್ಲ ಬೆವರು, ಕೈ ನಡುಕ. ರಾತ್ರಿಯಿಡೀ ಎದ್ದು ಕೂತಿದ್ದರು. ಎಂದೂ ಗದರದವರು ನನ್ನನ್ನು ಎಲ್ಲರೆದುರು ಬೈದರು. ಮೈದುನ ಅಂತಾರೆ, "ಇದು ಚಟ. ಕಸಿದು ಬಿಸಾಕ್ರಿ, ಅವ್ವ ಎರಡು ದಿನ ಒದ್ದಾಡಿ ಸುಮ್ಮನಾಗ್ತಾಳ." ಏನು ಮಾಡಲಿ? ಮೊಣಕಾಲು ನೋವಿಗೂ ಏನೋ ಗುಳಿಗೆ ತೆಗೆದುಕೊಳ್ಳುತ್ತಾರೆ.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಬಿಸಾಕಬೇಡಿ. ಮೈದುನನಿಗೆ ಮೊದಲು ಇದಿಷ್ಟನ್ನು ಓದಿ ಹೇಳಿ, ಉಳಿದದ್ದು ನಿಧಾನಕ್ಕೆ. ಈ ಗುಳಿಗೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಯಾರು ಏನು ಅಂತ ಗೊತ್ತಾಗದ ಹಾಗೆ ಆಗಬಹುದು. ಕೆಲವರ ಜೀವವೇ ಹೋಗುತ್ತದೆ. ಬೀಡಿ ಬಿಟ್ಟ ಹಾಗಲ್ಲ ಇದು.

ಧರ್ಮಸ್ಥಳದಲ್ಲಿ ನೀವು ಬೈಸಿಕೊಂಡಿರಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹಗ್ಗ ಜಗ್ಗಾಟ ನೋಡಿರುತ್ತೀರಿ. ಗುಳಿಗೆ ನಾಲ್ಕು ವರ್ಷದಿಂದ ಅವರ ಮಿದುಳನ್ನು ಮಂಪರಿನ ಕಡೆ ಎಳೆಯುತ್ತಿದೆ. ಮಿದುಳೂ ಬಿಡದೆ ಎಚ್ಚರದ ಕಡೆ ಜಗ್ಗುತ್ತಿದೆ. ಅದಕ್ಕೇ ಒಂದು ಸಾಲದೆ ಮೂರಾಯಿತು. ಒಂದು ಕಡೆಯವರು ಹಗ್ಗ ಕೈಬಿಟ್ಟರೆ ಇನ್ನೊಂದು ಕಡೆಯವರು ಅಂಗಾತ ಬೀಳುತ್ತಾರೆ, ಅಲ್ವಾ? ಆಲ್ಪ್ರಜೋಲಾಂ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 11 ಗಂಟೆ ಸಾಕು, ವಯಸ್ಸಾದವರಲ್ಲಿ ಸ್ವಲ್ಪ ಜಾಸ್ತಿ. ಎರಡನೇ ದಿನವೇ ಬೆವರು, ನಡುಕ, ಸಿಟ್ಟು ಎಲ್ಲ ಒಟ್ಟಿಗೆ ಬಂದದ್ದು ಅದಕ್ಕೆ.

ಚಟ ಅನ್ನುವ ಮಾತಿಗೆ ಬರುತ್ತೇನೆ. ಸ್ವಲ್ಪ ನನ್ನ ಮನೆಯ ಕಥೆ ಹೇಳಬೇಕು.

ನಮ್ಮ ತಂದೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಕಾಫಿ ಬಿಟ್ಟರೆ ಯಾವ ಅಭ್ಯಾಸವೂ ಇರಲಿಲ್ಲ. ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಕನ್ನಡಕ ಹುಡುಕುತ್ತಾ ಅವರ ಹಳೇ ಜಾಮೆಟ್ರಿ ಬಾಕ್ಸ್ ತೆಗೆದೆ. ಕೈವಾರ, ಕೋನಮಾಪಕ, ಅದರ ಕೆಳಗೆ ಇದೇ ಗುಳಿಗೆಯ ಎಂಟು ಸ್ಟ್ರಿಪ್. ಕೆಲವನ್ನು ಬ್ಲೇಡಿನಿಂದ ಅರ್ಧರ್ಧ ಕತ್ತರಿಸಿ ಪೊಟ್ಟಣ ಕಟ್ಟಿದ್ದರು. ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದರಂತೆ. "ನನ್ನ ಮಗಳು ಡಾಕ್ಟರು" ಅಂದರೆ ಅಂಗಡಿಯವರು ಕೊಟ್ಟುಬಿಡುತ್ತಿದ್ದರಂತೆ. ಮಗಳು ಬರೀ ಡಾಕ್ಟರಲ್ಲ, ಮನೋವೈದ್ಯೆ. ಊರವರ ಗುಳಿಗೆ ಬಿಡಿಸುತ್ತಾ ಕೂತವಳಿಗೆ ಅಪ್ಪ ಹೆಸರು ಮರೆಯುತ್ತಿದ್ದದ್ದು, ನಡೆಯುವಾಗ ವಾಲುತ್ತಿದ್ದದ್ದು ಬರೀ ವಯಸ್ಸು ಅನ್ನಿಸಿತ್ತು!

ನಮ್ಮ ತಪ್ಪೂ ಇದೆ. ನಾವು "ಹದಿನೈದು ದಿನ" ಅಂತ ಬರೆಯುತ್ತೇವೆ. ಹದಿನಾರನೇ ದಿನ ನಿದ್ದೆ ಬರದಿದ್ದರೆ ಏನು ಮಾಡಬೇಕು ಅಂತ ಹೇಳುವುದಿಲ್ಲ. ನಾನೂ ಮೊದಮೊದಲು ಹಾಗೇ ಬರೆದಿದ್ದೇನೆ.

ಇನ್ನು ಆ ಹಳೇ ಚೀಟಿ. ಇದು ಎಚ್1 ಪಟ್ಟಿಯ ಔಷಧಿ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ್ದು. 2014ರ ಮಾರ್ಚ್‌ನಿಂದ ಇಂಥವನ್ನು ಮಾರುವಾಗ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಎಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಹರಿದ ಚೀಟಿಗೆ ನಾಲ್ಕು ವರ್ಷ ಕೊಡುವ ಹಾಗಿಲ್ಲ. ಆದರೆ ನಾಳೆಯೇ ಅಂಗಡಿಗೆ ಹೋಗಿ ಜಗಳ ಆಡಬೇಡಿ. ಅವರು ಹೆದರಿ ಒಮ್ಮೆಲೇ ಕೊಡುವುದು ನಿಲ್ಲಿಸಿದರೆ ಧರ್ಮಸ್ಥಳದ್ದೇ ಕಥೆ ಮನೆಯಲ್ಲಿ ಆಗುತ್ತೆ. ಮೊದಲು ಹೊಸ ಚೀಟಿ ಮಾಡಿಸಿ. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರೂ ನೋಡುತ್ತಾರೆ. ಹೋಗುವ ಮೊದಲು ಕೇಳಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಲ್ಲಿ ಏನು ಮಾಡುತ್ತಾರೆ? ಗುಳಿಗೆ ಕಸಿಯುವುದಿಲ್ಲ. ಇಳಿಸುತ್ತಾರೆ. ಕೆಲವರಿಗೆ ಇದನ್ನೇ ಚೂರುಚೂರು ಕಡಿಮೆ ಮಾಡುತ್ತಾರೆ, ಕೆಲವರಿಗೆ ಇದೇ ಜಾತಿಯ, ದೇಹದಲ್ಲಿ ಜಾಸ್ತಿ ಹೊತ್ತು ಉಳಿಯುವ ಡಯಾಜೆಪಾಂಗೆ ಬದಲಿಸಿ ಆಮೇಲೆ ಅದನ್ನು ಇಳಿಸುತ್ತಾರೆ. ಎಷ್ಟು, ಯಾವಾಗ ಅನ್ನುವುದನ್ನು ಅವರೇ ಹೇಳಬೇಕು. ನೀವು ಮನೆಯಲ್ಲಿ ಲೆಕ್ಕ ಹಾಕಬೇಡಿ. ತಿಂಗಳುಗಳೇ ಹಿಡಿಯುತ್ತವೆ.

ಅಪ್ಪನಿಗೆ ಏಳು ತಿಂಗಳು ಹಿಡಿಯಿತು. ಮೇಷ್ಟ್ರು ಬಿಡುತ್ತಾರೆಯೇ? ಗ್ರಾಫ್ ಹಾಳೆ ತರಿಸಿ, ಎರಡು ವಾರಕ್ಕೊಂದು ಚುಕ್ಕೆ ಇಟ್ಟು ಗೆರೆ ಎಳೆದರು. ಅಮ್ಮನ ವರ್ಷಾಬ್ದಿಯ ತಿಂಗಳಲ್ಲಿ ಗೆರೆ ಇಳಿಯದೆ ಮಟ್ಟಸವಾಗಿ ನಿಂತಿದೆ. ಆಗ ಇಳಿಸುವುದು ಬೇಡ ಅಂದಿದ್ದರು ಅವರನ್ನು ನೋಡುತ್ತಿದ್ದ ಡಾಕ್ಟರು. ಕೊನೆಯ ಕಾಲು ಚೂರು ಬಿಡಲು ಮಾತ್ರ ಅಪ್ಪ ಆರು ವಾರ ಸತಾಯಿಸಿದರು. ಅಷ್ಟು ಚೂರಿನಲ್ಲಿ ಏನಿದೆ ಅಂದರೆ, "ನಿನಗೆ ಸೊನ್ನೆಯ ಬೆಲೆ ಗೊತ್ತಿಲ್ಲ" ಅಂದರು.

ನಿಮ್ಮ ಅತ್ತೆಗೂ ಅಂಥ ತಿಂಗಳುಗಳು ಇರುತ್ತವೆ. ಮಾವನವರ ತಿಥಿ ಯಾವಾಗ ಅಂತ ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಸಂಜೆ ಚಹಾ ಎಷ್ಟು ಸಲ ಅಂತಲೂ ಹೇಳಿ. ರಾತ್ರಿ ಬಚ್ಚಲ ಹತ್ತಿರ ಒಂದು ಲೈಟ್ ಹಾಕಿಸಿ.

ಪತ್ರದ ಕೊನೆಗೆ ಮೊಣಕಾಲಿನ ಗುಳಿಗೆ ಅಂತ ಸುಮ್ನೆ ಒಂದು ಸಾಲು ಬರೆದಿದ್ದೀರಿ. ನನಗೆ ಜಾಸ್ತಿ ಭಯ ಆದದ್ದು ಅದಕ್ಕೇ. ಅದು ಟ್ರಮಡಾಲ್ ಥರದ, ಅಫೀಮಿನ ಜಾತಿಯ ನೋವಿನ ಗುಳಿಗೆಯಾಗಿದ್ದರೆ, ಎರಡೂ ಸೇರಿ ನಿದ್ದೆಯಲ್ಲಿ ಉಸಿರಾಟವನ್ನೇ ತಗ್ಗಿಸಬಹುದು. ಟ್ರಮಡಾಲನ್ನೂ 2018ರಲ್ಲಿ ಮಾದಕ ವಸ್ತು ಕಾಯ್ದೆಯ ಕೆಳಗೆ ತಂದಿದ್ದಾರೆ. ಅದರ ಸ್ಟ್ರಿಪ್ ಮೇಲಿನ ಹೆಸರು ಓದಿ. ಅದನ್ನು ನನಗೆ ಬರೆದು ಮುಂದಿನ ಸಂಚಿಕೆಗೆ ಕಾಯಬೇಡಿ. ಎರಡೂ ಸ್ಟ್ರಿಪ್, ಆ ಹರಿದ ಚೀಟಿ, ಮೂರನ್ನೂ ಎಲೆ ಅಡಿಕೆ ಚೀಲದ ಸಮೇತ ನಾಳೆಯೇ ಡಾಕ್ಟರ ಮೇಜಿನ ಮೇಲೆ ಇಡಿ.