ಹಲ್ಲುಸೆಟ್ಟಿನ ಮೆತ್ತನೆ ಲೈನರ್‌ಗೆ ಬೆಳ್ಳಿಯ ನ್ಯಾನೊಕಣ ಸೇರಿಸಬಹುದೇ?

ಪ್ರಶ್ನೆ: ನಮ್ಮ ತಾಯಿಗೆ 72 ವರ್ಷ, ಸಕ್ಕರೆ ಕಾಯಿಲೆಯಿದೆ. ಕೆಳಗಿನ ಹಲ್ಲುಸೆಟ್ಟು ವಸಡಿಗೆ ಒತ್ತುತ್ತಿದ್ದರಿಂದ ಒಳಗೆ ಮೆತ್ತನೆಯ ಲೈನರ್ ಹಾಕಿಸಿದೆವು. ನೋವು ಹೋಯಿತು, ಆದರೆ ಆಮೇಲೆ ಎರಡು ಸಲ ಬಾಯಲ್ಲಿ ಫಂಗಸ್ ಆಯಿತು. ಬೆಳ್ಳಿಯ ನ್ಯಾನೊಕಣ ಸೇರಿಸಿದ ಲೈನರ್‌ನಲ್ಲಿ ಫಂಗಸ್ ಬೆಳೆಯುವುದಿಲ್ಲ ಎಂದು ಓದಿದೆ. ಅದನ್ನೇ ಹಾಕಿಸೋಣವೇ?

ಉತ್ತರ: ಸದ್ಯಕ್ಕೆ ಬೇಡ. ತಾಯಿಯವರಿಗೆ ಈಗ ಬೇಕಿರುವ ಪರಿಹಾರ ಬೇರೆ ಕಡೆ ಇದೆ.

ಲೈನರ್ ಅಕ್ರಿಲಿಕ್‌ನದಾದರೆ ಅದನ್ನು ಮೆತ್ತಗಿಡುವ ಪ್ಲಾಸ್ಟಿಸೈಜರ್ ಎಂಬ ಅಂಶ ಜೊಲ್ಲಿನಲ್ಲಿ ನಿಧಾನವಾಗಿ ಕರಗಿ ಹೋಗುತ್ತದೆ, ಆ ಜಾಗಕ್ಕೆ ನೀರು ಸೇರುತ್ತದೆ. ಪದರ ಗಡುಸಾಗಿ, ಒರಟಾಗಿ, ಸಣ್ಣ ರಂಧ್ರಗಳಾಗುತ್ತವೆ. ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಫಂಗಸ್ ಅಲ್ಲೇ ಬೇರೂರುವುದು. ಸಿಲಿಕೋನ್ ಲೈನರ್ ಹೆಚ್ಚು ಕಾಲ ಮೆತ್ತಗಿರುತ್ತದೆ, ಆದರೆ ಅದಕ್ಕೂ ಫಂಗಸ್ ಅಂಟುತ್ತದೆ.

ನ್ಯಾನೊಕಣದ ವಿಚಾರ ಹುಟ್ಟಿದ್ದು ಇಲ್ಲಿಂದ. 1ರಿಂದ 100 ನ್ಯಾನೊಮೀಟರ್ ಗಾತ್ರದ ಬೆಳ್ಳಿಕಣಗಳು ತೇವದಲ್ಲಿ ಬೆಳ್ಳಿಯ ಅಯಾನು (ವಿದ್ಯುದಂಶವಿರುವ ಪರಮಾಣು) ಬಿಡುತ್ತವೆ. ಇವು ಫಂಗಸ್‌ನ ಗಂಧಕವಿರುವ ಪ್ರೋಟೀನ್‌ಗಳನ್ನು ಹಿಡಿದು, ಕೋಶದ ಪೊರೆಯನ್ನು ಕೆಡಿಸುತ್ತವೆ. ಸತುವಿನ ಆಕ್ಸೈಡ್ ಕೂಡ ಪರೀಕ್ಷೆಯಲ್ಲಿದೆ. ಟೈಟಾನಿಯಂ ಡೈಆಕ್ಸೈಡ್ ಬಗ್ಗೆಯೂ ಬಹಳ ಬರೆಯುತ್ತಾರೆ. ಆದರೆ ಅದರ ಪೂರ್ಣ ಶಕ್ತಿಗೆ ಅತಿನೇರಳೆ ಬೆಳಕು ಬೇಕು, ಹಲ್ಲುಸೆಟ್ಟಿನ ಅಡಿ ಇರುವುದು ಕತ್ತಲೆ.

ಪ್ರಯೋಗಾಲಯದಲ್ಲಿ ಇಂಥ ಲೈನರ್‌ನ ಸಣ್ಣ ಬಿಲ್ಲೆಗಳ ಮೇಲೆ ಫಂಗಸ್ ಕಡಿಮೆಯಾಗುವುದು ನಿಜ. ತೊಡಕು ಪ್ರಮಾಣದಲ್ಲಿದೆ. ಕಣ ಹೆಚ್ಚಿಸಿದಷ್ಟೂ ಅವು ಗಂಟುಗಟ್ಟುತ್ತವೆ, ಲೈನರ್ ಗಡುಸಾಗಬಹುದು, ಸೆಟ್ಟಿನ ಗಟ್ಟಿ ಭಾಗದೊಂದಿಗಿನ ಬೆಸುಗೆ ಸಡಿಲವಾಗಬಹುದು. ಅಂಚು ಕಿತ್ತುಬಂದರೆ ಅಲ್ಲೇ ಮತ್ತೆ ಫಂಗಸ್ ಕೂರುತ್ತದೆ. ಬೆಳ್ಳಿಯಿಂದ ಬಣ್ಣವೂ ಕಪ್ಪಾಗುತ್ತದೆ. ಬಾಯೊಳಗೆ ಹಾಕಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನ್ ಮೇಲ್ಮೈಯನ್ನು ಹೊದೆಯುತ್ತದೆ, ಹಾಗಾಗಿ ಒಣ ಬಿಲ್ಲೆಯ ಫಲಿತಾಂಶವನ್ನೇ ಬಾಯಿಗೆ ಅನ್ವಯಿಸಲಾಗದು. ಅತಿಯಾದ ಬೆಳ್ಳಿ ನಮ್ಮ ಜೀವಕೋಶಗಳಿಗೂ ಹಾನಿಕರ. ವಸಡಿಗೆ ದಿನವಿಡೀ ತಾಗಿರುವ ವಸ್ತುವಿನಲ್ಲಿ ಇದನ್ನು ಹಗುರವಾಗಿ ನೋಡುವಂತಿಲ್ಲ. ಯಾರಾದರೂ ಪುಡಿಯನ್ನು ತಾವೇ ಬೆರೆಸಿಕೊಡುತ್ತೇವೆ ಎಂದರೆ ದಯವಿಟ್ಟು ಒಪ್ಪಬೇಡಿ.

ನಾನು ಹೇಳುವುದು ಇಷ್ಟು. ಲೈನರ್ ಒರಟಾಗಿದ್ದರೆ ಅಥವಾ ಅಂಚು ಎದ್ದಿದ್ದರೆ ತೆಗೆಸಿ ಹೊಸದು ಹಾಕಿಸಿ. ಹಳೆಯದನ್ನು ಉಳಿಸಿಕೊಂಡು ಔಷಧ ಮಾತ್ರ ಕೊಟ್ಟರೆ ಫಂಗಸ್ ಮರಳುತ್ತದೆ. ರಾತ್ರಿ ಮಲಗುವಾಗ ಸೆಟ್ಟು ತೆಗೆಯಲೇಬೇಕು, ಇದು ಎಲ್ಲಕ್ಕಿಂತ ಮುಖ್ಯ. ಊಟವಾದ ಮೇಲೆ ಮೆತ್ತನೆಯ ಬ್ರಷ್‌ನಿಂದ, ತಣ್ಣೀರಿನಲ್ಲಿ ತೊಳೆಯಲಿ, ಬಿಸಿನೀರು ಬೇಡ. ಗುಳ್ಳೆ ಬರುವ ಕ್ಲೀನಿಂಗ್ ಮಾತ್ರೆ ಕೆಲವು ಲೈನರ್‌ಗಳನ್ನು ಹಾಳುಮಾಡುತ್ತದೆ. ನಿಮ್ಮದು ಅಕ್ರಿಲಿಕ್ಕೋ ಸಿಲಿಕೋನೋ ಎಂದು ವೈದ್ಯರನ್ನು ಕೇಳಿಕೊಂಡೇ ಬಳಸಿ.

ಮೇಲೂ ಸೆಟ್ಟಿದ್ದರೆ ಅಂಗುಳನ್ನು ಪರೀಕ್ಷಿಸಲು ಹೇಳಿ. ಇಂಥ ಫಂಗಸ್ ಹೆಚ್ಚಾಗಿ ಕಾಣುವುದು ಅಲ್ಲೇ, ಎರಡೂ ಸೆಟ್ಟು ಶುದ್ಧವಾಗದಿದ್ದರೆ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಸಕ್ಕರೆ ಮಟ್ಟವನ್ನೂ ಪರೀಕ್ಷಿಸಿ, ಅದು ಏರಿದ್ದಾಗ ಫಂಗಸ್ ಬೇಗ ಹಬ್ಬುತ್ತದೆ. ತಾಯಿಯವರು ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ದಂತವೈದ್ಯರಿಗೆ ಮೊದಲೇ ತಿಳಿಸಿ. ಫಂಗಸ್‌ಗೆಂದು ಬಾಯಿಗೆ ಹಚ್ಚುವ ಮೈಕೊನಜೋಲ್ ಜೆಲ್ ಅದರ ಜೊತೆ ಸೇರಿದರೆ ರಕ್ತಸ್ರಾವವಾಗಬಹುದು.