ಇಂಪೀಡ್ ಆದರೂ ಕೆಲಸ ನಿಲ್ಲುವುದಿಲ್ಲ

ಪತ್ರ: ಡಿಕ್ಷನರಿಯಲ್ಲಿ 'ಇಂಪೀಡ್' ಅಂದರೆ 'ತಡೆ' ಎಂದಿತ್ತು. ಸೈಟ್ ವರದಿಯಲ್ಲಿ 'ಮಳೆಯಿಂದ ಕಾಂಕ್ರೀಟ್ ಕೆಲಸ ಇಂಪೀಡ್ ಆಯಿತು' ಎಂದು ಇಂಗ್ಲಿಷಿನಲ್ಲಿ ಬರೆದೆ. ಆ ದಿನ ಕೆಲಸ ಶುರುವೇ ಆಗಿರಲಿಲ್ಲ. ಸಾಹೇಬರು ಅದನ್ನು ಹೊಡೆದು 'ಪ್ರಿವೆಂಟ್' ಎಂದು ತಿದ್ದಿದರು. ಎರಡೂ ಒಂದೇ ಅಲ್ವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಒಂದೇ ಅಲ್ಲ, ನಿಮ್ಮ ಸಾಹೇಬರದ್ದೇ ಸರಿ. ಕೆಲಸ ನಡೆಯಲೇ ಇಲ್ಲ ಎಂದರೆ ಪ್ರಿವೆಂಟ್. ಕುಂಟಿಕೊಂಡಾದರೂ ನಡೆಯಿತು ಎಂದರೆ ಇಂಪೀಡ್. ಮಿಕ್ಸರ್ ಲಾರಿಯ ಚಕ್ರ ಕೆಸರಲ್ಲಿ ಹೂತು, ಮಧ್ಯಾಹ್ನ ಮುಗಿಯಬೇಕಿದ್ದ ಕೆಲಸ ರಾತ್ರಿ ಮುಗಿದಿದ್ದರೆ ನೀವು ಬರೆದದ್ದೇ ಸರಿಯಾಗುತ್ತಿತ್ತು.

ಈ ಪದದ ಬೇರು ಲ್ಯಾಟಿನ್‌ನಲ್ಲಿದೆ. ಅಲ್ಲಿ 'ಪೆಸ್' ಅಂದರೆ ಕಾಲು. ಸೈಕಲ್ಲಿನ ಪೆಡಲ್ಲೂ ಅದೇ ಬಳಗದ್ದು. ಕಾಲಿಗೆ ತೊಡರು ಹಾಕುವುದೇ ಇಂಪೀಡ್. ರೋಮನ್ ಸೈನ್ಯದ ಗಂಟುಮೂಟೆ, ಡೇರೆ, ಸರಕುಗಳಿಗೆಲ್ಲ ಒಟ್ಟಾಗಿ 'ಇಂಪೆದಿಮೆಂತಾ' ಎಂಬ ಹೆಸರಿತ್ತು. ಅವಿಲ್ಲದೆ ಸೈನ್ಯ ಬದುಕಲಾರದು, ಅವಿದ್ದರೆ ಬೇಗ ಹೋಗಲಾರದು. ಸಿಕ್ಕಿಕೊಂಡ ಕಾಲನ್ನು ಬಿಡಿಸುವುದು 'ಎಕ್ಸ್‌ಪಿಡೈಟ್', ಅಂದರೆ ಬೇಗ ಮಾಡಿಸುವುದು. ನಮ್ಮ ಕಚೇರಿಗಳಲ್ಲಿ ಫೈಲಿನ ಮೇಲೆ ಈ ಪದ ಬರೆದ ಮೇಲೂ ಫೈಲು ಎದ್ದು ನಡೆಯುವುದಿಲ್ಲ, ಅದು ಬೇರೆ ಮಾತು.

ಕನ್ನಡದ 'ಅಡ್ಡಗಾಲು' ನೆನಪಾಯಿತೇ? ಹತ್ತಿರದ್ದೇ, ಆದರೆ ಅದರಲ್ಲಿ ಬೇಕಂತಲೇ ಮಾಡಿದ ವಾಸನೆ ಇದೆ. ಸಂಬಂಧಿಕರು ಮದುವೆಗೆ ಅಡ್ಡಗಾಲು ಹಾಕುತ್ತಾರೆ, ಪಾಪ, ಮಳೆಗೆ ಆ ಬುದ್ಧಿ ಎಲ್ಲಿಂದ? ಇಂಪೀಡ್ ಮಾಡಲು ಕೆಟ್ಟ ಉದ್ದೇಶವೇನೂ ಬೇಡ. ಮಳೆ, ಕೆಸರು, ಟ್ರಾಫಿಕ್ ಯಾವುದಾದರೂ ಸಾಕು. ಸುಮ್ನೆ 'ಅಡಚಣೆ' ಎಂದರೆ ಚೆನ್ನಾಗಿ ಹೊಂದುತ್ತದೆ.

ಫುಟ್‌ಬಾಲ್ ನಿಯಮ ಪುಸ್ತಕದಲ್ಲೂ ಈ ಪದ ಇದೆ. ಚೆಂಡು ಇಬ್ಬರ ಕಾಲಿಗೂ ಸಿಗುವಷ್ಟು ಹತ್ತಿರ ಇಲ್ಲದಿದ್ದಾಗ ಆಟಗಾರ ಎದುರಾಳಿಯ ದಾರಿಗೆ ಬಂದು, ಅವನು ಓಟ ನಿಧಾನಿಸುವಂತೆ ಇಲ್ಲವೇ ದಿಕ್ಕು ಬದಲಿಸುವಂತೆ ಮಾಡಿದರೆ ಅದು ಇಂಪೀಡಿಂಗ್. ಮೈ ತಾಗದಿದ್ದರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ (ಅದರಿಂದ ನೇರವಾಗಿ ಗೋಲು ಹೊಡೆಯುವಂತಿಲ್ಲ), ತಾಗಿದರೆ ಡೈರೆಕ್ಟ್ (ಹೊಡೆಯಬಹುದು). ತೊದಲುವುದಕ್ಕೆ 'ಸ್ಪೀಚ್ ಇಂಪೆಡಿಮೆಂಟ್' ಎನ್ನುವುದೂ ಹೀಗೇ. ಮಾತು ಬರುತ್ತದೆ, ತಡವರಿಸಿ ಬರುತ್ತದೆ.

ಬಳಸುವಾಗ ಇನ್ನೊಂದು ಎಚ್ಚರ. ಪ್ರಿವೆಂಟ್ ಜೊತೆ ಬರುವ 'ಫ್ರಮ್' ಅನ್ನು ಇದಕ್ಕೆ ಅಂಟಿಸಬೇಡಿ. ಯಾವುದು ನಿಧಾನವಾಯಿತೋ ಅದನ್ನೇ ನೇರವಾಗಿ ಮುಂದೆ ಇಡಿ: 'ರೇನ್ ಇಂಪೀಡೆಡ್ ದ ವರ್ಕ್'. ಹಾಗೆ ನೋಡಿದರೆ ಸೈಟ್ ವರದಿಗೆ 'ಡಿಲೇ' ಸಾಕು, ಗುತ್ತಿಗೆದಾರರಿಗೂ ಥಟ್ಟನೆ ಅರ್ಥವಾಗುತ್ತದೆ.