ಬ್ಲೂ ರಿಜ್ ಪಾರ್ಕ್‌ವೇ: ಪೂರ್ತಿ ಬೇಡ, ಎರಡು ತುಂಡು ಸಾಕು

ಷಾರ್ಲಟ್‌ನ ಓದುಗರೊಬ್ಬರ ಪ್ರಶ್ನೆ: ಅಕ್ಟೋಬರ್ ಮಧ್ಯದಲ್ಲಿ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ. ಬ್ಲೂ ರಿಜ್ ಪಾರ್ಕ್‌ವೇ ಎಂಬ ಅಮೆರಿಕದ ಬೆಟ್ಟದ ರಸ್ತೆಯನ್ನು ಎರಡು ದಿನದಲ್ಲಿ ಈ ತುದಿಯಿಂದ ಆ ತುದಿಗೆ ಮುಗಿಸಬಹುದೇ? ಒಂದು ರಸ್ತೆ ಕಟ್ಟಲು 52 ವರ್ಷ ಹಿಡಿದದ್ದೇಕೆ?

ಮುಗಿಸಲು ಹೋಗಬೇಡಿ. ವರ್ಜೀನಿಯಾದ ರಾಕ್‌ಫಿಶ್ ಗ್ಯಾಪ್‌ನಿಂದ ನಾರ್ತ್ ಕ್ಯಾರೊಲಿನಾದ ಚೆರೋಕಿವರೆಗೆ 469 ಮೈಲಿ. ವೇಗದ ಮಿತಿ ಗಂಟೆಗೆ 45 ಮೈಲಿ, ಕೆಲವೆಡೆ ಇನ್ನೂ ಕಡಿಮೆ. ಎಲ್ಲೂ ನಿಲ್ಲದೆ ಹೋದರೆ ಹತ್ತೂವರೆ ಗಂಟೆ ಎಂಬುದು ಕಾಗದದ ಲೆಕ್ಕ. ಎಲೆ ಬಣ್ಣ ತಿರುಗುವ ವಾರಾಂತ್ಯದಲ್ಲಿ ಅದು ನಡೆಯದು. ಹಟ ಹಿಡಿದು ಓಡಿಸಿದರೆ ಹಿರಿಯರಿಗೆ ನೆನಪುಳಿಯುವುದು ತಿರುವು ಮತ್ತು ವಾಂತಿ.

ಈ ನಿಧಾನ ಬೇಕೆಂದೇ ಮಾಡಿದ್ದು. ಶೆನಂಡೋವಾ ಮತ್ತು ಗ್ರೇಟ್ ಸ್ಮೋಕಿ ರಾಷ್ಟ್ರೀಯ ಉದ್ಯಾನಗಳನ್ನು ಬೆಸೆಯುವ ಕೆಲಸ 1935ರ ಸೆಪ್ಟೆಂಬರ್‌ನಲ್ಲಿ, ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, ನಿರುದ್ಯೋಗಿಗಳ ಕೈಗೆ ಕೂಲಿ ಕೊಡಲು ಶುರುವಾಯಿತು. ಭೂದೃಶ್ಯ ವಿನ್ಯಾಸಕ ಸ್ಟ್ಯಾನ್ಲಿ ಆಬಟ್ ನೋಟಕ್ಕೆ ತಕ್ಕಂತೆ ದಾರಿ ಹೊಂದಿಸಿದರು. ಇಂದಿಗೂ ಸರಕು ಲಾರಿಯಿಲ್ಲ, ಜಾಹೀರಾತು ಫಲಕವಿಲ್ಲ, ಪ್ರವೇಶ ಶುಲ್ಕವಿಲ್ಲ. ಗ್ಯಾಸ್ ಸ್ಟೇಷನ್ನೂ ಇಲ್ಲ, ಟ್ಯಾಂಕ್ ತುಂಬಿಸಿಯೇ ಹತ್ತಿ.

ಮಹಾಯುದ್ಧ ಬಂದು ಕೆಲಸ ನಿಂತಿತು, ಮತ್ತೆ ನಡೆಯಿತು. ಕೊನೆಗೆ ಉಳಿದದ್ದು ಗ್ರ್ಯಾಂಡ್‌ಫಾದರ್ ಬೆಟ್ಟದ ಮಗ್ಗುಲಿನ ಏಳು ಮೈಲಿ ಚಿಲ್ಲರೆ. ಬೆಟ್ಟದ ಮಾಲೀಕ ಹ್ಯೂ ಮಾರ್ಟನ್ ಮೇಲ್ಭಾಗವನ್ನು ಕಡಿಯಲು ಒಪ್ಪಲಿಲ್ಲ. ಜಗ್ಗಾಟ ವರ್ಷಗಟ್ಟಲೆ ನಡೆಯಿತು. ಪರಿಹಾರವಾಗಿ ಬಂದದ್ದು 1,243 ಅಡಿಯ ಲಿನ್ ಕೋವ್ ಸೇತುವೆ. ಬಂಡೆಗಳ ಮೇಲೆ ಯಂತ್ರ ಓಡಾಡಕೂಡದೆಂದು 153 ಕಾಂಕ್ರೀಟ್ ತುಂಡುಗಳನ್ನು ಬೇರೆಡೆ ಎರಕ ಹೊಯ್ದರು. ಒಂದೊಂದೂ ಸುಮಾರು 50 ಟನ್. ಆಗಲೇ ಕಟ್ಟಿದ ಸೇತುವೆಯ ಮೇಲೆಯೇ ಅವನ್ನು ಸಾಗಿಸಿ, ತುದಿಯಲ್ಲಿ ಎಪಾಕ್ಸಿ ಅಂಟು ಹಚ್ಚಿ, ಉಕ್ಕಿನ ಹಗ್ಗದಿಂದ ಬಿಗಿದು ಮುಂದೆ ಸಾಗಿದರು. ನೇರವಾದ ತುಂಡು ಒಂದೇ ಒಂದು! ಬಂಡೆಯ ಬಣ್ಣಕ್ಕೆ ಹೊಂದಲೆಂದು ಕಾಂಕ್ರೀಟಿಗೆ ಐರನ್ ಆಕ್ಸೈಡ್ ಬೆರೆಸಿದ್ದಾರೆ. 1983ಕ್ಕೆ ಸೇತುವೆ ಮುಗಿಯಿತು, 1987ಕ್ಕೆ ರಸ್ತೆ ಪೂರ್ತಿಯಾಯಿತು.

ನಿಮಗೆ ನಮ್ಮ ಸಲಹೆ ಇದು. ಮೊದಲ ದಿನ ಬ್ಲೋಯಿಂಗ್ ರಾಕ್‌ನಲ್ಲಿ ಪಾರ್ಕ್‌ವೇ ಹತ್ತಿ, 304ನೇ ಮೈಲಿಗಲ್ಲಿನ ಈ ಸೇತುವೆ ನೋಡಿ. ಅಡಿಯಿಂದಲೂ ನೋಡಲು ಕಾಲುದಾರಿಯಿದೆ. ಆಮೇಲೆ ಕೆಳಗಿನ ಹೆದ್ದಾರಿ ಹಿಡಿದು ಆ್ಯಶ್‌ವಿಲ್ ಸೇರಿ. ಮರುದಿನ ಅಲ್ಲಿಂದ ದಕ್ಷಿಣಕ್ಕೆ 431ನೇ ಮೈಲಿಯ ರಿಚ್‌ಲ್ಯಾಂಡ್ ಬಾಲ್ಸಮ್‌ವರೆಗೆ ಹೋಗಿ. 6,053 ಅಡಿ, ಇಡೀ ದಾರಿಯಲ್ಲಿ ಅದೇ ಅತಿ ಎತ್ತರದ ಜಾಗ. ಅಷ್ಟು ಮೇಲೆ ಎಲೆಗಳು ತಿಂಗಳ ಮಧ್ಯಕ್ಕೆ ಉದುರಿರಬಹುದು, ಬಣ್ಣ ಅದಕ್ಕಿಂತ ಕೆಳಗಿನ ಇಳಿಜಾರುಗಳಲ್ಲಿ ಹುಡುಕಿ. ಸ್ವೆಟರ್ ಮರೆಯಬೇಡಿ.

ಕೆಲವು ತಿರುವುಗಳು ಹೋಗ್ತಾ ಹೋಗ್ತಾ ಬಿಗಿಯಾಗುತ್ತವೆ. ತಿರುವಿಗೆ ಮೊದಲೇ ವೇಗ ಇಳಿಸಿ, ಒಳಗೆ ಹೋದ ಮೇಲೆ ಬ್ರೇಕ್ ಒತ್ತಿದರೆ ಕಾರು ಅಂಚಿಗೆ ಜಾರಬಹುದು. ಉದ್ದನೆಯ ಇಳಿಜಾರಿನಲ್ಲಿ ಲೋ ಗೇರ್ ಇರಲಿ. ಸುರಂಗಗಳಲ್ಲಿ ಹೆಡ್‌ಲೈಟ್ ಕಡ್ಡಾಯ.

2024ರ ಸೆಪ್ಟೆಂಬರ್‌ನ ಹೆಲೀನ್ ಚಂಡಮಾರುತಕ್ಕೆ ನಾರ್ತ್ ಕ್ಯಾರೊಲಿನಾ ಭಾಗದಲ್ಲಿ ಗುಡ್ಡ ಕುಸಿದು ರಸ್ತೆ ಹಲವೆಡೆ ಕಿತ್ತುಹೋಗಿತ್ತು. ಕೋಣೆ ಕಾದಿರಿಸುವ ಮೊದಲೊಮ್ಮೆ, ಹೊರಡುವ ಬೆಳಿಗ್ಗೆ ಇನ್ನೊಮ್ಮೆ, ನ್ಯಾಷನಲ್ ಪಾರ್ಕ್ ಸರ್ವಿಸ್ ಜಾಲತಾಣದಲ್ಲಿ ಯಾವ ಮೈಲಿಗಲ್ಲಿನಿಂದ ಯಾವುದರವರೆಗೆ ತೆರೆದಿದೆ ಎಂದು ನೋಡಿಕೊಳ್ಳಿ.